ಮೂರು ತಲೆಯ ರಾಜನ ಅಂಗಿ

ಜೆ.ಪಿ. ನಗರದಲ್ಲಿ ಈಗ ಈಜುಕೊಳದ ಸಮೇತ ಅಪಾರ್ಟ್‌ಮೆಂಟು ಎದ್ದಿರುವ ಒಂದು ಜಾಗದಲ್ಲಿ ತೊಂಬತ್ತರ ದಶಕದಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿ ಇತ್ತು. ಮಕ್ಕಳು ಈಗ ದುಬುಕ್ಕೆಂದು ಹಾರುವ ಕಡೆ ಆಗ ಕಟಿಂಗ್ ಸೆಕ್ಷನ್ನು. ಬೆಳಗ್ಗೆ ಸೈರನ್ ಕೂಗುವ ಮುಂಚೆ ಉತ್ತರಹಳ್ಳಿ, ಸಿದ್ದಾಪುರ, ಬಿಟಿಎಂ ಕಡೆಯ ಬಸ್ಸುಗಳು ಒಂದರ ಹಿಂದೊಂದು ಬಂದು ಹೆಂಗಸರನ್ನು ಇಳಿಸಿಹೋದರೆ ಆ ರಸ್ತೆಗೆಲ್ಲ ಮಲ್ಲಿಗೆ ಹೂವು, ಮುಖದ ಪೌಡರು, ಡಬ್ಬಿಯೊಳಗಿನ ಚಿತ್ರಾನ್ನ ಮೂರೂ ಬೆರೆತ ಒಂದು ಪರಿಮಳ ಬರುತ್ತಿತ್ತು. ಅದನ್ನು ಬಾಟಲಿಗೆ ತುಂಬಿ ಇಟ್ಟುಕೊಳ್ಳುವ ಬುದ್ಧಿ ಯಾರಿಗೂ ಬರಲಿಲ್ಲ.

ಆ ಗುಂಪಿನಲ್ಲಿ ಮುರಿಗೆವ್ವನೂ ಒಬ್ಬಳು. ಮುಧೋಳದ ಕಡೆಯವಳು. ಜಯನಗರದ ಬಟ್ಟೆ ಅಂಗಡಿಯೊಂದರ ಮುಂದೆ ಸೆಕ್ಯುರಿಟಿ ಕೆಲಸಕ್ಕೆ ನಿಂತಿದ್ದ ತಿಪ್ಪಣ್ಣನನ್ನು ಮದುವೆಯಾಗಿ ಬಿಟಿಎಂ ಲೇಔಟಿನ ಒಂದು ಬಾಡಿಗೆ ಕೋಣೆಗೆ ಬಂದಿದ್ದಳು. ಗಂಡ ಬಟ್ಟೆ ಕಾಯುವವನು, ಹೆಂಡತಿ ಬಟ್ಟೆ ಹೊಲಿಯುವವಳು, ಹೊಸ ಬಟ್ಟೆ ಮಾತ್ರ ಮನೆಗೆ ಬರುತ್ತಿದ್ದುದು ಯುಗಾದಿಗೆ ಎಂದು ಅವರಿಬ್ಬರೂ ನಗಾಡುತ್ತಿದ್ದರು.

ಗಲ್ಲಿಯವರೆಲ್ಲ ಅವಳನ್ನು ಟೇಲರ್ ಆಂಟಿ ಎನ್ನುತ್ತಿದ್ದರು. ಹಾಗೆ ಕರೆದಾಗಲೆಲ್ಲ ಮುರಿಗೆವ್ವನಿಗೆ ಒಳಗೇ ಚುಚ್ಚುತ್ತಿತ್ತು. ಯಾಕೆಂದರೆ ಆರು ವರ್ಷ ಗಾರ್ಮೆಂಟ್ಸಿನಲ್ಲಿ ಮೆಷಿನ್ ತುಳಿದ ಅವಳಿಗೆ ಒಂದೇ ಒಂದು ಅಂಗಿ ಹೊಲಿಯಲು ಬರುತ್ತಿರಲಿಲ್ಲ. ಬರುತ್ತಿದ್ದುದು ಕಾಲರ್ ಮಾತ್ರ. ಫ್ಯಾಕ್ಟರಿಯ ಪದ್ಧತಿಯೇ ಹಾಗೆ. ಲೈನ್ ಎಂದು ಕರೆಯುವ ಸಾಲಿನಲ್ಲಿ ಮೆಷಿನ್ನುಗಳು, ಒಬ್ಬೊಬ್ಬರಿಗೆ ಅಂಗಿಯ ಒಂದೊಂದು ತುಂಡು. ಒಬ್ಬಳು ಜೇಬು, ಒಬ್ಬಳು ಕೈಪಟ್ಟಿ, ಒಬ್ಬಳು ಭುಜ. ತನ್ನ ಹೊಲಿಗೆ ಹಾಕಿ ಎಡಗಡೆಯವಳಿಗೆ ದಾಟಿಸಿದರೆ ಕೆಲಸ ಮುಗಿಯಿತು. ಮುರಿಗೆವ್ವ ಕಾಲರ್ ಹೊಲಿದು, ತಿರುವಿ, ಮೂಲೆ ಚೂಪು ಮಾಡಿ ಮುಂದಕ್ಕೆ ತಳ್ಳುತ್ತಿದ್ದಳು. ಅದು ಯಾವ ಅಂಗಿಗೆ, ಯಾವ ಕುತ್ತಿಗೆಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅಂಗಿಯ ಮಿಕ್ಕ ಭಾಗಗಳ ಜೊತೆ ಅವಳಿಗಿದ್ದುದು ಮುಖಪರಿಚಯ ಅಷ್ಟೇ.

ಈ ಗುಟ್ಟು ರಟ್ಟಾದದ್ದು ಅತ್ತೆ ದುಂಡವ್ವ ಊರಿನಿಂದ ಕುಪ್ಪಸದ ಖಣ ತಂದಾಗ. "ಸಿಂಪಿಗ್ಯಾಗ ಕೊಟ್ಟಿಲ್ಲವಾ, ಸೊಸಿನೇ ಹೊಲೀತಾಳಂತ ಊರಾಗೆಲ್ಲಾ ಹೇಳಿ ಬಂದೇನಿ" ಎಂದು ಮುದುಕಿ ಬಟ್ಟೆಯನ್ನು ಸೊಸೆಯ ಮಡಿಲಿಗೆ ಹಾಕಿದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮನೆ ಓನರ್ ಆಂಟಿಯ ಮೆಷಿನ್ನಿನಲ್ಲಿ ಎರಡು ಭಾನುವಾರ ಕೂತು ಮುರಿಗೆವ್ವ ಒಂದು ಕುಪ್ಪಸದಂಥದ್ದನ್ನು ಹುಟ್ಟಿಸಿದಳು. ಕುತ್ತಿಗೆಯ ಹತ್ತಿರ ಬಂದಾಗ ಮುಂದೇನೂ ತೋಚದೆ, ಕೈಗೆ ಅಭ್ಯಾಸವಾದ ಕಾಲರನ್ನೇ ಇಟ್ಟುಬಿಟ್ಟಳು.

ದುಂಡವ್ವ ತೊಟ್ಟು ಕನ್ನಡಿಯ ಮುಂದೆ ನಿಂತಳು. ಕೈ ಎತ್ತಿದಳು. ಕೈಯ ಜೊತೆ ಕುಪ್ಪಸವೂ ಮೇಲೆದ್ದಿತು.

"ಇದೇನ ಮಾಡೀಯವಾ? ನಾ ಏನ್ ಪೊಲೀಸ್ ಸ್ಟೇಷನ್ನಿಗೆ ಡ್ಯೂಟಿಗೆ ಹೋಗಬೇಕೇನ?"

ತಿಪ್ಪಣ್ಣ ನಗು ತಡೆಯಲಾರದೆ ಹೊರಗೆ ಹೋದ. ಮುರಿಗೆವ್ವ ಒಳಗೆ ಹೋಗಿ ಅಳುತ್ತ ಜೋಳದ ಹಿಟ್ಟು ನಾದಿದಳು. ದರ್ಜಿಯ ಹೆಸರಿತ್ತು, ದರ್ಜೆ ಇರಲಿಲ್ಲ.

ಅದೇ ವರ್ಷ, ಅಂದರೆ ತೊಂಬತ್ತೇಳರ ಮಳೆಗಾಲದಲ್ಲಿ, ಫ್ಯಾಕ್ಟರಿಯಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಮೊದಲನೆಯದು, ಹೊರದೇಶದಿಂದ ಕಾಲರ್ ಮೆಷಿನ್ ಬರುತ್ತದಂತೆ. ನಾಲ್ಕು ಜನ ಮಾಡುವ ಕಾಲರನ್ನು ಅದೊಂದೇ ಮಾಡುತ್ತದಂತೆ. ಕಾಲರಿನವರನ್ನೆಲ್ಲ ದಾರ ಕತ್ತರಿಸಲು ಹೆಲ್ಪರುಗಳ ಜೊತೆ ನಿಲ್ಲಿಸುತ್ತಾರಂತೆ. ಎರಡನೆಯದು, ಫ್ಯಾಕ್ಟರಿಗೆ ಗೊಂಬೆ ಆಟದವರು ಬರುತ್ತಾರಂತೆ.

ಮೊದಲನೆಯದನ್ನು ಎಲ್ಲರೂ ನಂಬಿದರು. ಎರಡನೆಯದನ್ನು ಯಾರೂ ನಂಬಲಿಲ್ಲ.

ಆದರೆ ಶನಿವಾರ ಗೇಟಿನ ಮುಂದೆ ಆಟೋದಿಂದ ಒಂದು ಉದ್ದನೆಯ ಮರದ ಪೆಟ್ಟಿಗೆ ಇಳಿಯಿತು, ಅದರ ಹಿಂದೆ ಗಿರಿಜಾದೇವಿ ಇಳಿದರು. ಬನಶಂಕರಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರಾಗಿ ನಿವೃತ್ತರಾದವರು. ಸೂತ್ರದ ಗೊಂಬೆಗಳ ಒಂದು ಸಣ್ಣ ತಂಡ ಕಟ್ಟಿದ್ದರು. ಗಿರಿನಗರದ ಅವರ ಮನೆಯಲ್ಲಿ ಅಭ್ಯಾಸ ಮಾಡಿದರೆ ರಾಜ ರಾಣಿಯರೆಲ್ಲ ಫ್ಯಾನಿಗೆ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಫ್ಯಾಕ್ಟರಿ ಮಾಲೀಕರ ಹೆಂಡತಿ. ಹೀಗೆ ಒಪ್ಪಂದವಾಯಿತು: ಫ್ಯಾಕ್ಟರಿಯವರು ಶನಿವಾರ ಮಧ್ಯಾಹ್ನ ಕ್ಯಾಂಟೀನ್ ಹಾಲ್ ಬಿಟ್ಟುಕೊಡುವುದು, ಗೊಂಬೆಗಳಿಗೆ ಕಟಿಂಗಿನಲ್ಲಿ ಉಳಿದ ತುಂಡುಬಟ್ಟೆ ಕೊಡುವುದು, ತಂಡದವರು ಇಷ್ಟವಿದ್ದ ಕೆಲಸಗಾರರಿಗೆ ಗೊಂಬೆಯ ಉಡುಪು, ಸೂತ್ರ, ಮಾತು ಕಲಿಸುವುದು, ಆಯುಧಪೂಜೆಯ ದಿನ ಎಲ್ಲರೂ ಸೇರಿ ಒಂದು ಆಟ ಆಡುವುದು.

"ಓವರ್‌ಟೈಮ್ ಕೊಡ್ತಾರಾ ಸಾರ್?" ಎಂದು ಕೈಪಟ್ಟಿ ಹೊಲಿಯುವ ಕೆಂಪಕ್ಕ ಕೇಳಿದಳು. ಉತ್ತರಹಳ್ಳಿಯವಳು, ಬಾಯಿ ಗಟ್ಟಿ.

"ಟೀ ಬನ್ನು ಕೊಡ್ತಾರೆ" ಎಂದರು ಸ್ಯಾಂಪಲ್ ಮಾಸ್ಟರ್ ಕರಿಬಸವಯ್ಯ. ಹೊಸ ಆರ್ಡರಿಗೆ ಮೊದಲು ಮಾದರಿ ಅಂಗಿ ತಯಾರಾಗುವ ಸ್ಯಾಂಪಲ್ ಸೆಕ್ಷನ್ನಿಗೆ ಅವರೇ ದೊಡ್ಡವರು. "ಗೊಂಬೆ ಕುಣಿಸಿದ್ರೆ ಶಿಪ್‌ಮೆಂಟ್ ಹೋಗುತ್ತೇನಮ್ಮಾ? ನನಗಂತೂ ಅರ್ಥ ಆಗಲ್ಲ. ಆದ್ರೆ ಯಜಮಾನರು ಹೇಳಿದಾರೆ. ಸ್ಯಾಂಪಲ್ಲಲ್ಲಿ ಒಂದು ಸೀಟ್ ಖಾಲಿ ಇದೆ. ಆಯುಧಪೂಜೆ ದಿನ ಗೊಂಬೆ ಬಟ್ಟೆ ನೋಡಿ ಒಬ್ಬರನ್ನ ಟೆಸ್ಟಿಗೆ ಕರೀಬೇಕಂತೆ."

ಮುರಿಗೆವ್ವನ ಕಿವಿ ನೆಟ್ಟಗಾಯಿತು. ಸ್ಯಾಂಪಲ್ ಸೆಕ್ಷನ್ನಿನಲ್ಲಿ ಒಬ್ಬರೇ ಕೂತು ಇಡೀ ಅಂಗಿ ಹೊಲಿಯುತ್ತಾರೆ. ಅಲ್ಲಿಗೆ ಹೋದರೆ ಕಾಲರ್ ಮೆಷಿನ್ನಿನ ಭಯವಿಲ್ಲ. ಟೇಲರ್ ಆಂಟಿ ಎಂದರೆ ತಲೆ ತಗ್ಗಿಸಬೇಕಿಲ್ಲ. ಹೋಗದಿದ್ದರೆ ದಾರ ಕತ್ತರಿಸುವುದು.

ಶನಿವಾರದ ಗುಂಪಿಗೆ ಎಂಟು ಹೆಂಗಸರು ಬಂದರು. ಗಿರಿಜಾದೇವಿ ಏಳು ಬೆತ್ತಲೆ ಗೊಂಬೆಗಳನ್ನು ಮೇಜಿನ ಮೇಲೆ ಮಲಗಿಸಿದರು. ರಾಣಿ, ಅಗಸ, ಭಿಕ್ಷುಕ, ಸೈನಿಕ, ಕಾಗೆ, ಹೀಗೆ. "ಬಟ್ಟೆ ಇಲ್ಲಿದೆ, ಗೊಂಬೆ ಇಲ್ಲಿದೆ. ಮುಂದಿನ ವಾರ ನೋಡೋಣ" ಎಂದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಯಾರೂ ಹೇಳದೆಯೇ ಸಾಲಾಗಿ ಕೂತರು. ಒಬ್ಬಳು ಭುಜ, ಒಬ್ಬಳು ಜೇಬು, ಕೆಂಪಕ್ಕ ಕೈಪಟ್ಟಿ, ಮುರಿಗೆವ್ವ ಕಾಲರ್. ತುಂಡುಗಳು ಬಲದಿಂದ ಎಡಕ್ಕೆ ಸರಸರ ದಾಟಿದವು. ಟಾರ್ಗೆಟ್ಟಿಗಿಂತ ಬೇಗ ಮುಗಿಯಿತು. ಮುಂದಿನ ಶನಿವಾರ ಗಿರಿಜಾದೇವಿ ಬಂದು ನೋಡಿದರೆ ಏಳೂ ಗೊಂಬೆಗಳು ನೀಲಿ ಗೆರೆಯ ಫುಲ್ ತೋಳಿನ ಎಕ್ಸ್‌ಪೋರ್ಟ್ ಅಂಗಿ ತೊಟ್ಟು ಸಾಲಾಗಿ ಕೂತಿದ್ದವು. ರಾಣಿಗೂ ಜೇಬು, ಭಿಕ್ಷುಕನಿಗೂ ಜೇಬು. ಕಾಗೆಯ ರೆಕ್ಕೆಗೆ ಗುಂಡಿ ಸಹಿತ ಕೈಪಟ್ಟಿ.

ಗಿರಿಜಾದೇವಿ ಕನ್ನಡಕ ತೆಗೆದು ಒರೆಸಿಕೊಂಡರು. "ಹೊಲಿಗೆ ಚೆನ್ನಾಗಿದೆ. ಆದ್ರೆ ಎಲ್ಲರೂ ಒಂದೇ ಬ್ಯಾಂಕಲ್ಲಿ ಕೆಲಸ ಮಾಡೋ ಹಾಗಿದ್ದಾರೆ."

"ಕಾಗೆ ಕ್ಯಾಷಿಯರ್ ಮೇಡಂ" ಎಂದಳು ಕೆಂಪಕ್ಕ.

ನಕ್ಕು ಮುಗಿದ ಮೇಲೆ ಗಿರಿಜಾದೇವಿ ಅಂದರು: "ಇನ್ಮೇಲೆ ಒಬ್ಬರಿಗೆ ಒಂದೇ ಗೊಂಬೆ. ಶುರುವಿಂದ ಕೊನೇವರೆಗೂ ಅವರೇ. ಪಕ್ಕದವರಿಗೆ ದಾಟಿಸೋ ಹಾಗಿಲ್ಲ." ಎಂಟು ಜನರ ಮುಖವೂ ಪರೀಕ್ಷೆಯ ಹಾಲಿನಲ್ಲಿ ಕೂತವರ ಹಾಗಾಯಿತು.

ಆಟದ ಕಥೆಯನ್ನು ಗಿರಿಜಾದೇವಿಯೇ ಕಟ್ಟಿದ್ದರು. ಒಬ್ಬ ರಾಜನಿಗೆ ಮೂರು ತಲೆ. ಒಂದಕ್ಕೆ ಯುದ್ಧ ಬೇಕು, ಒಂದಕ್ಕೆ ಊಟ ಬೇಕು, ಒಂದಕ್ಕೆ ನಿದ್ದೆ ಬೇಕು. ರಾಜ್ಯ ಯಾವ ಕಡೆಯೂ ಹೋಗದೆ ನಿಂತುಬಿಡುತ್ತದೆ. ಆ ರಾಜನ ಗೊಂಬೆ, ಎಂಟನೆಯದು, ಇನ್ನೂ ಪೆಟ್ಟಿಗೆಯ ತಳದಲ್ಲೇ ಇತ್ತು. ಮೂರು ಕುತ್ತಿಗೆ ನೋಡಿ ಎಲ್ಲರೂ ಹಿಂದೆ ಸರಿದರು. ಕೆಂಪಕ್ಕ ಮುರಿಗೆವ್ವನನ್ನು ಮುಂದೆ ತಳ್ಳಿದಳು. "ಮೂರು ಕುತ್ತಿಗೆ ಅಂದ್ರೆ ಮೂರು ಕಾಲರ್ ಕಣೇ. ನಿಂಗೇ ಮಾಡ್ಸಿದ್ದು."

ಮುರಿಗೆವ್ವನೂ ಹಾಗೆಯೇ ಅಂದುಕೊಂಡಳು. ಕರಿಬಸವಯ್ಯ ನೋಡಿದರೆ ಕಾಲರನ್ನಲ್ಲದೆ ಇನ್ನೇನು ನೋಡಿಯಾರು? ಅವಳ ಕಾಲರಿನ ಮೂಲೆ ಫ್ಯಾಕ್ಟರಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಆದರೆ ಕಾಲರ್ ಇಡಬೇಕಾದರೆ ಕೆಳಗೆ ಅಂಗಿ ಬೇಕಲ್ಲ.

ಅಲ್ಲಿಂದ ಅವಳ ಕಷ್ಟ ಶುರುವಾಯಿತು. ಮೊದಲ ಅಂಗಿ ರಾಜನಿಗೆ ಹೊಟ್ಟೆಯವರೆಗೂ ಇಳಿಯಲಿಲ್ಲ. ಎರಡನೆಯದು ಇಳಿಯಿತು, ಆದರೆ ಕೈ ಎತ್ತಿದ ಕೂಡಲೇ ಅತ್ತೆಯ ಕುಪ್ಪಸದ ಹಾಗೆ ಎದ್ದು ಮೂರೂ ಮುಖ ಮುಚ್ಚಿತು. ಗಿರಿಜಾದೇವಿ ಹೊಲಿಗೆಯ ಬಗ್ಗೆ ಮಾತೇ ಆಡಲಿಲ್ಲ, ಅವರಿಗೆ ಹೊಲಿಗೆ ಬರುತ್ತಲೂ ಇರಲಿಲ್ಲ. ಸೂತ್ರವನ್ನು ಮುರಿಗೆವ್ವನ ಬೆರಳಿಗೆ ಸಿಕ್ಕಿಸಿ, "ನೀನೇ ಕುಣಿಸಿ ನೋಡು. ಎಲ್ಲಿ ಎಳೀತದೆ ಅಂತ ಬೆರಳಿಗೇ ಗೊತ್ತಾಗುತ್ತೆ. ಮಲಗಿರೋ ಗೊಂಬೆಗೆ ಅಳತೆ ತಗೊಂಡ್ರೆ ಮಲಗೋ ಅಂಗಿನೇ ಆಗೋದು" ಎಂದರು.

ಕುಣಿಸಿ ನೋಡಿದಳು. ಕಂಕುಳಲ್ಲಿ ಎಳೆಯುತ್ತಿತ್ತು.

ಅಂದು ಮನೆಗೆ ಹೋದವಳೇ, ಊರಿಗೆ ಮರಳದೆ ಮಗನ ಹತ್ತಿರವೇ ಉಳಿದಿದ್ದ ದುಂಡವ್ವನ ಎದುರು ಕೂತಳು. "ಅತ್ತಿ, ನಿಮ್ಮ ಹಳೇ ಕುಪ್ಪಸ ಒಂದು ಕೊಡ್ರಿ. ಬಿಚ್ಚಿ ನೋಡ್ತೇನಿ."

"ಯಾಕವಾ, ಅದಕ್ಕೂ ಕಾಲರ್ ಹಚ್ಚತೀಯೇನ?"

"ಇಲ್ರಿ. ನಿಮ್ಮ ಸಿಂಪಿಗ್ಯಾ ಕಂಕುಳಾಗ ಏನ್ ಮಾಡ್ಯಾನ ಅಂತ ನೋಡಬೇಕ್ರಿ."

ಮುದುಕಿ ಗೊಣಗುತ್ತಲೇ ಕೊಟ್ಟಳು, ಆದರೆ ಪಕ್ಕದಲ್ಲೇ ಕೂತು ತಾನೂ ಸೂಜಿಯಿಂದ ಹೊಲಿಗೆ ಬಿಚ್ಚತೊಡಗಿದಳು. ಕಂಕುಳಡಿ ಒಂದು ಪುಟ್ಟ ಚೌಕದ ತುಂಡು ಸಿಕ್ಕಿತು. ಕೈ ಎತ್ತಿದರೆ ಬಟ್ಟೆ ಎಳೆಯದಂತೆ ತೋಳಿಗೂ ಮೈಗೂ ನಡುವೆ, ಜಗಳ ಬಿಡಿಸುವ ಹಿರಿಯನ ಹಾಗೆ ಕೂತಿತ್ತು. ಅತ್ತೆ ಸೊಸೆ ಇಬ್ಬರೂ ಅದನ್ನು ಬೆಳಕಿಗೆ ಹಿಡಿದು ನೋಡಿದರು. ತಿಪ್ಪಣ್ಣ ಡ್ಯೂಟಿಯಿಂದ ಬಂದವನು ಒಲೆಯ ಮೇಲೆ ಏನೂ ಇಲ್ಲದ್ದನ್ನು ಕಂಡು, ತಾನೇ ಅನ್ನಕ್ಕಿಟ್ಟ.

ಆ ವಾರಗಳಲ್ಲಿ ಕ್ಯಾಂಟೀನಿನಲ್ಲಿ ಬೇರೆಯವರಿಗೂ ಏನೇನೋ ಆಗುತ್ತಿತ್ತು. ಕೆಂಪಕ್ಕ ಊಟ ಬೇಕೆನ್ನುವ ತಲೆಗೆ ದನಿ ಕೊಡಲು ಹೋಗಿ, ಅದೇ ದನಿಯಲ್ಲಿ ಸೂಪರ್‌ವೈಸರಿಗೆ "ಪ್ರಭುಗಳೇ, ಊಟದ ಹೊತ್ತು ಮೀರಿತು" ಎನ್ನತೊಡಗಿದಳು. ಆತ ನಗುವುದೋ ಬೈಯುವುದೋ ತಿಳಿಯದೆ ಬೆಲ್ ಹೊಡೆಸುತ್ತಿದ್ದ. ಮುರಿಗೆವ್ವನ ಪಕ್ಕದ ಕಾಲರಿನವಳು ಶಿವವ್ವ ಮೂರು ಶನಿವಾರ ಬಂದು, ಮಗುವನ್ನು ನೋಡಿಕೊಳ್ಳುವವರಿಲ್ಲ ಎಂದು ಬಿಟ್ಟಳು. ಬನ್ನು ಉಳಿಯುತ್ತಿತ್ತು. ಉಳಿದ ಬನ್ನನ್ನು ಮುರಿಗೆವ್ವ ಸೋಮವಾರ ಶಿವವ್ವನಿಗೆ ಕೊಡುತ್ತಿದ್ದಳು.

ಆಯುಧಪೂಜೆ ಬಂದಿತು. ಫ್ಯಾಕ್ಟರಿಯ ಮೆಷಿನ್ನುಗಳಿಗೆಲ್ಲ ಕುಂಕುಮ, ಚೆಂಡುಹೂವು. ಬಾಗಿಲಲ್ಲಿ ಬಾಳೆಕಂದು, ನಡುವೆ ಒಡೆದ ಬೂದುಗುಂಬಳ. ಸೂಜಿ, ಕತ್ತರಿ, ಟೇಪು ಎಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟು ಕರಿಬಸವಯ್ಯ ತಾವೇ ಪೂಜೆ ಮಾಡಿದ್ದರು. ಆ ದಿನ ಅವುಗಳನ್ನು ಮುಟ್ಟುವ ಹಾಗಿಲ್ಲ, ಮೆಷಿನ್ ತುಳಿಯುವ ಹಾಗಂತೂ ಇಲ್ಲವೇ ಇಲ್ಲ.

ಆಟಕ್ಕೆ ಮುಂಚೆ ಗಿರಿಜಾದೇವಿ ಒಮ್ಮೆ ಎಲ್ಲ ಗೊಂಬೆ ಕುಣಿಸಿ ನೋಡಿದರು. ರಾಜನ ಸರದಿ ಬಂತು. ಕೆಂಪು ಚೌಕಳಿಯ ನಿಲುವಂಗಿ, ಕಂಕುಳಲ್ಲಿ ಹಳದಿ ಚೌಕ, ಮೇಲೆ ಬಕ್ರಂ ತುಂಬಿ ಗಟ್ಟಿಮಾಡಿದ ಮೂರು ಬಿಳಿ ಕಾಲರ್. ಕೈಗಳು ಸಲೀಸಾಗಿ ಎದ್ದವು. ಮುರಿಗೆವ್ವ ಉಸಿರು ಬಿಟ್ಟಳು. ಆದರೆ ಮೂರು ತಲೆಗಳು ಜಗಳಕ್ಕೆ ತಿರುಗಿದ್ದೇ ತಡ, ಒಂದು ಕಾಲರಿನ ಮೂಲೆ ಇನ್ನೊಂದಕ್ಕೆ ಕಚ್ಚಿತು, ಮೂರನೆಯದಕ್ಕೆ ಸೂತ್ರ ಸುತ್ತಿತು, ಒಂದು ಕಡೆ ಹೊಲಿಗೆ ಚರ್ರೆಂದಿತು. ರಾಜ ಬಸ್ಸಿನ ಕಂಬಿಗೆ ಸಿಕ್ಕಿದವನ ಹಾಗೆ ನೇತಾಡಿದ. ಕುತ್ತಿಗೆಗೇ ಕುತ್ತು.

"ಕಾಲರ್ ತೆಗೀಬೇಕು" ಎಂದರು ಗಿರಿಜಾದೇವಿ.

"ಬ್ಯಾಡ್ರಿ ಮೇಡಂ. ಬೇರೆ ಏನರ ಮಾಡೂಣ್ರಿ."

"ಬೇರೆ ದಾರಿ ಇದ್ರೆ ನೀನೇ ಹೇಳು."

ಮುರಿಗೆವ್ವ ಸೂತ್ರ ಹಿಡಿದು ತಾನೇ ಕುಣಿಸಿದಳು. ಮೆಲ್ಲಗೆ ತಿರುಗಿಸಿದಳು, ಓರೆಯಾಗಿ ತಿರುಗಿಸಿದಳು. ಬೆರಳು ಅದೇ ಮಾತು ಹೇಳಿತು. ಅವಳ ದನಿ ಸಣ್ಣಗಾಯಿತು. "ನನಗ ಚಂದ ಬರೂದು ಅದೊಂದ ಐತ್ರಿ. ಮಾಸ್ತರ್ರು ನೋಡ್ಲಿಕ್ಕೆ ಬರ್ತಾರ. ಅದನ್ನೂ ತಗದ್ರ ಏನ್ ಉಳೀತೈತ್ರಿ?"

ಹೊರಗೆ ಕಡ್ಲೆಪುರಿ ಹಂಚುವ ಗಲಾಟೆ ಕೇಳುತ್ತಿತ್ತು. ಮುರಿಗೆವ್ವ ರಾಜನನ್ನು ಮಡಿಲಲ್ಲಿ ಮಲಗಿಸಿಕೊಂಡು ಮೂರು ಕಾಲರಿನ ಮೂಲೆಗಳನ್ನೂ ಒಮ್ಮೆ ಬೆರಳಲ್ಲಿ ಸವರಿದಳು. ಆಮೇಲೆ ಎದ್ದು, "ಕತ್ರಿ ಕೊಡ್ರಿ" ಎಂದಳು.

ಕತ್ತರಿ ಪೂಜೆಯ ತಟ್ಟೆಯಲ್ಲಿತ್ತು. ತಟ್ಟೆಯ ಪಕ್ಕ ಕರಿಬಸವಯ್ಯ ಇದ್ದರು.

"ಇವತ್ತು ಮುಟ್ಟಂಗಿಲ್ಲಮ್ಮ. ನಾಳೆ ತನಕ ಅದು ದೇವರು."

"ದೇವರಿಗೆ ಒಂದು ಮಾತು ಹೇಳಿ ತಗೊಳಿ ಸಾರ್" ಎಂದಳು ಕೆಂಪಕ್ಕ. "ಕೆಲ್ಸ ಮುಗಿದ ಮೇಲೆ ವಾಪಸ್ ಇಡೋಣ. ಕತ್ರಿ ದೇವ್ರಿಗೆ ಕತ್ರಿಸೋದು ಬೇಜಾರಾಗುತ್ತಾ?"

"ಬಾಯಿ ಮುಚ್ಚೇ."

"ರಾಜನ ಜೀವ ಹೋಗ್ತಾ ಐತ್ರಿ ಸರ" ಎಂದಳು ಮುರಿಗೆವ್ವ. ನಗಿಸಲು ಹೇಳಿದ ಮಾತಲ್ಲ ಅದು. ಕರಿಬಸವಯ್ಯ ಅವಳ ಮುಖ ನೋಡಿದರು, ಸುತ್ತ ಒಮ್ಮೆ ನೋಡಿದರು, ಒಂದು ಕರ್ಪೂರ ಹಚ್ಚಿ ಕತ್ತರಿಗೆ ಬೆಳಗಿದರು. "ಕ್ಷಮಿಸು ತಾಯಿ, ಅರ್ಜೆಂಟ್ ಆರ್ಡರು" ಎಂದು ಕೆನ್ನೆ ಕೆನ್ನೆ ಬಡಿದುಕೊಂಡು ಕುಂಕುಮದ ಸಮೇತ ಕತ್ತರಿ, ಒಂದು ಸೂಜಿ ತೆಗೆದುಕೊಟ್ಟರು. ದೇವರ ಆಸ್ತಿಗೆ ಕಾವಲಿರಬೇಕಲ್ಲ, ಜೊತೆಯಲ್ಲೇ ಬಂದು ನಿಂತರು.

ಮುರಿಗೆವ್ವ ಮೂರು ಕಾಲರನ್ನೂ ಕತ್ತರಿಸಿ ತೆಗೆದಳು. ಮೆಷಿನ್ ಇಲ್ಲ, ಕೈಯಲ್ಲೇ ಒಂದೊಂದು ಕುತ್ತಿಗೆಯ ಸುತ್ತ ತೆಳು ಬಟ್ಟೆಯನ್ನು ಹಿಗ್ಗುವ ಹಾಗೆ ಓರೆಯಾಗಿ ಕತ್ತರಿಸಿ ಸಡಿಲವಾಗಿ ನೆರಿಗೆ ಹಿಡಿದಳು. ಎರಡು ಕುತ್ತಿಗೆಗಳ ನಡುವಿನ ಇಕ್ಕಟ್ಟಿಗೆ ಬಂದಾಗ ಒಂದು ಕ್ಷಣ ನಿಂತಳು. ಕಂಕುಳಿಗೆ ಇಟ್ಟ ಹಾಗೆ ಅಲ್ಲಿಗೂ ಒಂದೊಂದು ಚಿಕ್ಕ ಚೌಕ ಇಟ್ಟಳು.

"ಅದನ್ನ ಯಾರು ಹೇಳ್ಕೊಟ್ರು?" ಎಂದರು ಕರಿಬಸವಯ್ಯ.

"ಕಂಕುಳಿಂದು ನಮ್ಮತ್ತಿ ಕುಪ್ಪಸದಾಗ ಇತ್ರಿ. ಇಲ್ಲಿ ಹೊಂದತೈತೋ ಇಲ್ಲೋ ಗೊತ್ತಿಲ್ರಿ. ನೋಡೂಣು."

ಹೊಂದಿತು. ಆ ಸಂಜೆ ಮೂರು ತಲೆಯ ರಾಜ ಮೂರು ಕಡೆ ತಿರುಗಿ ಕಿತ್ತಾಡಿದ. ಯುದ್ಧದ ತಲೆ ಊಟದ ತಲೆಗೆ ಢಿಕ್ಕಿ ಹೊಡೆಯಿತು, ನಿದ್ದೆಯ ತಲೆ ಎರಡರ ಹೆಗಲಿಗೂ ಒರಗಿತು. ಕೆಂಪಕ್ಕನ ದನಿಗೆ ಇಡೀ ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಮುರಿಗೆವ್ವ ಒಬ್ಬಳು ಮಾತ್ರ ನಗದೆ, ಪರದೆಯ ಸಂದಿಯಿಂದ ಕುತ್ತಿಗೆಗಳನ್ನೇ ನೋಡುತ್ತಿದ್ದಳು.

ಹಬ್ಬ ಕಳೆದ ವಾರ ಅವಳಿಗೆ ಟೆಸ್ಟಿಗೆ ಕರೆ ಬಂತು. ಒಂದು ಮಾಮೂಲಿ ಗಂಡಸರ ಅಂಗಿ, ಕತ್ತರಿಸಿದ ತುಂಡುಗಳಿಂದ ಪೂರ್ತಿ ಹೊಲಿಯಬೇಕು. ಕರಿಬಸವಯ್ಯ ಮೂಲೆಯ ಮೆಷಿನ್ ತೋರಿಸಿ ಹೋದರು. ಊಟದ ಹೊತ್ತಿಗೆ ಬಂದು ನೋಡಿದರೆ ಮುರಿಗೆವ್ವ ತೋಳನ್ನು ಮೂರನೆಯ ಸಲ ಬಿಚ್ಚುತ್ತಿದ್ದಳು. ಟೀ ಹೊತ್ತಿಗೆ ಬಂದರೆ ಕಾಲರ್ ಕೈಯಲ್ಲಿ ಹಿಡಿದು ಕೂತಿದ್ದಳು. ಕಾಲರ್ ಮಾಡಲು ಬರುತ್ತಿತ್ತೇ ಹೊರತು ಅದನ್ನು ಅಂಗಿಗೆ ಕೂಡಿಸುವುದು ಆರು ವರ್ಷ ಎಡಗಡೆಯವಳ ಕೆಲಸವಾಗಿತ್ತು.

ಸಂಜೆ ಸೈರನ್ ಕೂಗಿದಾಗ ಅಂಗಿ ಮುಗಿದಿತ್ತು. ಕಾಲರ್ ಒಂದು ಎಳೆಯಷ್ಟು ಓರೆ. ಕರಿಬಸವಯ್ಯ ಅಂಗಿಯನ್ನು ಬೆಳಕಿಗೆ ಹಿಡಿದರು.

"ಇಡೀ ದಿನಕ್ಕೆ ಒಂದಾ?"

"ಹೌದ್ರಿ."

"ಯಾಕಮ್ಮ ಇಷ್ಟು ಹೊತ್ತು?"

"ತೋಳು ಎಳೀತಿತ್ರಿ. ಹಾಕ್ಕೊಳ್ಳೋರು ಬಸ್ಸಿನಾಗ ಮ್ಯಾಲಿನ ಕಂಬಿ ಹಿಡೀಬೇಕಲ್ರಿ. ನೀವ ಒಂದ್ಸಲ ತೊಟ್ಟು ಕೈ ಎತ್ತಿ ನೋಡ್ರಿ."

ಕರಿಬಸವಯ್ಯನವರ ಮೈಗೆ ಆ ಅಂಗಿ ಚಿಕ್ಕದು. ಆದರೂ ಬಾಗಿಲು ಮುಂದೆ ಮಾಡಿ, ತಮ್ಮ ಅಂಗಿಯ ಮೇಲೇ ತೊಟ್ಟು ಎರಡೂ ಕೈ ಎತ್ತಿದರು. ಗುಂಡಿ ಕೂಡಲಿಲ್ಲ, ಆದರೆ ಅಂಗಿ ಏಳಲಿಲ್ಲ. ಹಾಗೇ ಕೈ ಎತ್ತಿ ನಿಂತುಕೊಂಡು ಹೇಳಿದರು: "ನೀನು ಲೈನಿಗೆ ಕೆಟ್ಟುಹೋದೆ ಕಣಮ್ಮ. ಒಂದೊಂದು ಪೀಸಿಗೂ ಹಿಂಗೆ ಯೋಚನೆ ಮಾಡ್ತಾ ಕೂತ್ರೆ ಅಲ್ಲಿ ನಿನ್ನ ಯಾರೂ ಇಟ್ಕೊಳಲ್ಲ. ಸೋಮವಾರದಿಂದ ಇಲ್ಲೇ ಬಾ. ಕಾಲರ್ ಕೂಡಿಸೋದು ಕಲ್ತ್ಕೊ."

ಡಿಸೆಂಬರಿನಲ್ಲಿ ಕಾಲರ್ ಮೆಷಿನ್ ಬಂದೇ ಬಂತು. ಶಿವವ್ವನನ್ನೂ ಉಳಿದಿಬ್ಬರನ್ನೂ ದಾರ ಕತ್ತರಿಸಲು ಹಾಕಿದರು. ಶಿವವ್ವ ಯುಗಾದಿಗೆ ಮುಂಚೆ ಕೆಲಸ ಬಿಟ್ಟಳು. ಗೊಂಬೆಯವರ ಶನಿವಾರ ಮಾತ್ರ ಇನ್ನೂ ಕೆಲವು ವರ್ಷ ನಡೆಯಿತು. ಕೆಂಪಕ್ಕ ಸೂಪರ್‌ವೈಸರ್ ಆದ ಮೇಲೂ ಊಟದ ತಲೆಗೆ ಅವಳದೇ ದನಿ. ಎರಡು ಸಾವಿರದ ಐದರ ಸುಮಾರಿಗೆ ಫ್ಯಾಕ್ಟರಿ ಊರಾಚೆ ಹೋದಾಗ ಅಷ್ಟು ದೂರ ಬರಲು ಗಿರಿಜಾದೇವಿಯವರ ಮಂಡಿ ಒಪ್ಪಲಿಲ್ಲ, ಅಲ್ಲಿಗೆ ಅದೂ ನಿಂತಿತು. ಮುರಿಗೆವ್ವ ಬಿಟಿಎಂನಲ್ಲೇ ಒಂದು ಸಣ್ಣ ಅಂಗಡಿ ಇಟ್ಟಳು. ಅಲ್ಲಿಗೆ ಬಂದವರು ಅಳತೆ ಕೊಡುವಾಗ ಕೈ ಎತ್ತಬೇಕು, ಬಗ್ಗಬೇಕು, ತಿರುಗಬೇಕು. ಹೊಸಬರು ವ್ಯಾಯಾಮ ಶಾಲೆಗೆ ಬಂದೆವೇ ಎಂದುಕೊಳ್ಳುತ್ತಾರೆ.

ಅವಳನ್ನು ಕೇಳಿದರೆ ಮಾತ್ರ ಅಂಗಡಿಯ ಕಥೆ ಹೇಳುವುದಿಲ್ಲ. ಸ್ಯಾಂಪಲ್ ಸೆಕ್ಷನ್ನಿನ ಮೊದಲ ವಾರದ ಕಥೆ ಹೇಳುತ್ತಾಳೆ. ಊಟದ ಡಬ್ಬಿ ಬಿಚ್ಚುತ್ತ ಕೆಂಪಕ್ಕ ಕೇಳಿದ್ದಳಂತೆ: "ಏನೇ, ಅಲ್ಲಿ ದಿನಕ್ಕೆ ಎಷ್ಟು ಪೀಸ್ ತೆಗೀತೀಯ?"

"ಒಂದು."

"ಒಂದಾ? ನಮ್ ಲೈನಲ್ಲಿ ಹಂಗ್ ಹೊಲಿದ್ರೆ ಮಧ್ಯಾಹ್ನಕ್ಕೇ ಮನೆಗೆ ಕಳಿಸ್ತಾರೆ."

"ಒಂದ ಅಂಗಿ, ಅಕ್ಕ" ಎಂದು ಮುರಿಗೆವ್ವ ರೊಟ್ಟಿ ಮುರಿದು ಅವಳ ಡಬ್ಬಿಗೆ ಹಾಕಿದಳು. "ಆದ್ರ ಪೂರ್ತಿ ಅಂಗಿ."